ಚರಂಡಿ ಪೈಪಿಗೆ ಬೇರು ನುಗ್ಗಿದರೆ ಮೈಲುತುತ್ತ ಸುರಿಯಬೇಕೇ, ಮರ ಕಡಿಸಬೇಕೇ?

ಪಾಯಿಖಾನೆ ಪೈಪಿಗೆ ಮರದ ಬೇರು ನುಗ್ಗಿದೆಯೇ? ರಾತ್ರಿ ಮಲಗುವ ಮುಂಚೆ ಅರ್ಧ ಕೆಜಿ ಮೈಲುತುತ್ತ ಸುರಿಯಿರಿ, ಬೆಳಿಗ್ಗೆ ಹೊತ್ತಿಗೆ ಪೈಪ್ ಕ್ಲೀನ್. ಈ ಧಾಟಿಯ ಸಲಹೆ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕೆಲವು ಸಂದೇಶಗಳಲ್ಲಿ ಮೈಲುತುತ್ತದ ಬದಲು ಕಲ್ಲುಪ್ಪು ಇರುತ್ತದೆ, ಕೆಲವದರಲ್ಲಿ ಆಸಿಡ್, ಇನ್ನು ಕೆಲವದರಲ್ಲಿ ಅಡುಗೆ ಸೋಡಾ ಮತ್ತು ವಿನಿಗರ್. ಇದೆಲ್ಲ ಫೋನಿನ ಸಲಹೆ. ಪಕ್ಕದ ಮನೆಯವರ ಸಲಹೆ ಇನ್ನೂ ಸರಳ: ಆ ಬೇವಿನ ಮರ ಕಡಿಸಿಬಿಡಿ, ತೊಂದರೆಯೇ ಇರಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಊರುಗಳಲ್ಲಿ ಮನೆ ಮುಂದಿನ ಮರ ಎಂದರೆ ಬೇಸಿಗೆಯ ನೆರಳು. ಅದನ್ನು ಕಳೆದುಕೊಳ್ಳುವ ಮುಂಚೆ, ಅಥವಾ ವಿಷವನ್ನು ಗುಂಡಿಗೆ ಸುರಿಯುವ ಮುಂಚೆ, ಪೈಪಿನೊಳಗೆ ನಿಜವಾಗಿ ಏನಾಗುತ್ತದೆ ಎಂದು ನೋಡೋಣ.

ಚಿಕ್ಕ ಉತ್ತರ

• ಗಟ್ಟಿಯಾಗಿರುವ, ಸೋರದ ಪೈಪನ್ನು ಬೇರು ಒಡೆದು ಒಳಗೆ ಬರುವುದು ಅಪರೂಪ. ಮೊದಲು ಪೈಪಿನ ಜೋಡಣೆ ಸೋರುತ್ತದೆ, ಆಮೇಲೆ ಬೇರು ಬರುತ್ತದೆ.
• ಮೈಲುತುತ್ತ ತನಗೆ ತಾಗಿದ ಬೇರನ್ನು ಸಾಯಿಸಬಲ್ಲದು. ಆದರೆ ಪೈಪ್ ತೆರವಾಗುವುದಿಲ್ಲ, ತೂತೂ ಮುಚ್ಚುವುದಿಲ್ಲ.
• ಮರ ಕಡಿದರೂ ಸೋರುವ ಜೋಡಣೆ ಹಾಗೇ ಉಳಿಯುತ್ತದೆ.
• ಬಾಳಿಕೆ ಬರುವ ಪರಿಹಾರ ಒಂದೇ: ಸೋರುವ ಜಾಗ ಪತ್ತೆ ಮಾಡಿ, ಅಷ್ಟು ಪೈಪ್ ಬದಲಾಯಿಸುವುದು.
• ಯಾವ ಕಾರಣಕ್ಕೂ ಗುಂಡಿಗಾಗಲಿ ಮ್ಯಾನ್‌ಹೋಲಿಗಾಗಲಿ ಮನುಷ್ಯರನ್ನು ಇಳಿಸಬೇಡಿ.

ಬೇರು ಪೈಪನ್ನು ಒಡೆಯುತ್ತದೆಯೇ?

ಹಳೆಯ ಕೋಟೆಗಳ ಗೋಡೆಯಲ್ಲಿ ಅರಳಿ ಗಿಡ ಬೆಳೆದಿರುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದೇವೆ. ಗಿಡ ಕಲ್ಲನ್ನು ಕೊರೆದು ಹುಟ್ಟುವುದಿಲ್ಲ. ಕಲ್ಲುಗಳ ನಡುವೆ ಗಾರೆ ಉದುರಿದ ಸಂದಿನಲ್ಲಿ ಬೀಜ ಬೀಳುತ್ತದೆ, ಅಲ್ಲಿ ಸ್ವಲ್ಪ ತೇವ ಸಿಗುತ್ತದೆ, ಬೇರು ಇಳಿಯುತ್ತದೆ. ಬೇರು ದಪ್ಪವಾಗುತ್ತ ಹೋದ ಹಾಗೆ ಸಂದು ಅಗಲವಾಗುತ್ತದೆ. ನೆಲದೊಳಗಿನ ಪೈಪಿನ ಕಥೆಯೂ ಇಷ್ಟೇ.

ಬೇರಿನ ತುದಿ ಬಹಳ ಮೃದು. ಅದು ಮಣ್ಣಿನಲ್ಲಿ ಅಡ್ಡಿ ಕಡಿಮೆ ಇರುವ ಕಡೆ, ತೇವ ಇರುವ ಕಡೆ ಬೆಳೆಯುತ್ತದೆ. ನೂರು ಅಡಿ ದೂರದ ನೀರಿನ ವಾಸನೆ ಹಿಡಿದು ಬೇರು ಬರುತ್ತದೆ ಎಂಬುದು ಬರೀ ಮಾತು. ಬೇರು ಎಲ್ಲ ದಿಕ್ಕಿಗೂ ಹರಡುತ್ತಿರುತ್ತದೆ. ಹರಡುತ್ತ ಹೋದಾಗ ಎಲ್ಲಿ ಮಣ್ಣು ತೇವವಾಗಿ ಸಿಕ್ಕಿತೋ ಅಲ್ಲಿ ಹೆಚ್ಚು ಕವಲೊಡೆಯುತ್ತದೆ, ಅತ್ತ ಕಡೆಗೇ ಬಾಗುತ್ತದೆ. ಸೋರುವ ಜೋಡಣೆಯ ಸುತ್ತಲ ಮಣ್ಣಿನಲ್ಲಿ ವರ್ಷವಿಡೀ ತೇವ ಇರುತ್ತದೆ, ಜೊತೆಗೆ ಸಾರಜನಕ, ರಂಜಕದಂಥ ಪೋಷಕಾಂಶಗಳೂ ಇರುತ್ತವೆ. ಮರಕ್ಕೆ ಅದು ನೀರೂ ಹೌದು, ಗೊಬ್ಬರವೂ ಹೌದು.

ಕೂದಲೆಳೆಯಷ್ಟು ಸಂದು ಇದ್ದರೂ ಸಾಕು, ತೆಳುವಾದ ಬೇರು ಒಳಗೆ ತೂರುತ್ತದೆ. ಒಳಗೆ ಹೋದ ಮೇಲೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಸಂದಿನಲ್ಲಿರುವ ಭಾಗ ದಪ್ಪವಾಗುತ್ತ ಜೋಡಣೆಯನ್ನು ಅಗಲಿಸುತ್ತದೆ. ಪೈಪಿನೊಳಗಿನ ಭಾಗ ಮಣ್ಣಿನ ಒತ್ತಡವೇ ಇಲ್ಲದ್ದರಿಂದ ಜಡೆಯ ಹಾಗೆ ಎಳೆಎಳೆಯಾಗಿ ಬೆಳೆಯುತ್ತದೆ. ಆ ಜಡೆಗೆ ಅಡುಗೆ ಎಣ್ಣೆಯ ಜಿಡ್ಡು, ತಲೆಗೂದಲು, ಸ್ಯಾನಿಟರಿ ಪ್ಯಾಡ್, ಮಗುವಿನ ಡೈಪರ್ ಸಿಕ್ಕಿಹಾಕಿಕೊಳ್ಳುತ್ತವೆ. ಬೇರು ಬಲೆಯ ಹಾಗೆ ಕೆಲಸ ಮಾಡಿದರೆ, ಅದಕ್ಕೆ ಸಿಕ್ಕಿದ ಕಸ ಬಿರಡೆಯ ಹಾಗೆ ಕೂರುತ್ತದೆ.

ಯಾವ ಪೈಪಿಗೆ ಅಪಾಯ ಹೆಚ್ಚು?

ಹಳೆಯ ಮನೆಗಳಲ್ಲಿ ಹಾಕಿರುವುದು ಸುಟ್ಟ ಮಣ್ಣಿನ ಮೆರುಗು ಪೈಪು ಅಥವಾ ಸಿಮೆಂಟ್ ಪೈಪು. ಮಣ್ಣಿನ ಪೈಪಿನ ಒಂದೊಂದು ತುಂಡೂ ಎರಡು ಮೂರು ಅಡಿ ಉದ್ದ ಮಾತ್ರ. 30 ಅಡಿ ಲೈನ್ ಎಂದರೆ ಹತ್ತಕ್ಕೂ ಹೆಚ್ಚು ಜೋಡಣೆ. ಪ್ರತಿ ಜೋಡಣೆಯನ್ನೂ ಸಿಮೆಂಟ್ ಗಾರೆಯಿಂದ ಮುಚ್ಚಿರುತ್ತಾರೆ. ನೆಲ ಸ್ವಲ್ಪ ಕುಸಿದರೆ, ಮೇಲೆ ಟ್ರ್ಯಾಕ್ಟರ್ ಓಡಾಡಿದರೆ, ಗಾರೆ ಬಿರುಕು ಬಿಡುತ್ತದೆ. ಎರೆ ಮಣ್ಣಿರುವ ಜಾಗದಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿದು, ಪೈಪನ್ನು ಅಲುಗಾಡಿಸುತ್ತಲೇ ಇರುತ್ತದೆ.

ಪಿವಿಸಿ ಪೈಪಿನ ತುಂಡುಗಳು ಉದ್ದವಿರುತ್ತವೆ, ಸಾಮಾನ್ಯವಾಗಿ 10 ಅಥವಾ 20 ಅಡಿ. ಹಾಗಾಗಿ ಜೋಡಣೆ ಕಡಿಮೆ. ಸಲ್ವೆಂಟ್ ಹಚ್ಚಿ ಸರಿಯಾಗಿ ಕೂರಿಸಿದರೆ ಬೇರಿಗೆ ದಾರಿಯೇ ಇರುವುದಿಲ್ಲ. ಆದರೂ ಪಿವಿಸಿ ಹಾಕಿದ ಮನೆಗಳಲ್ಲಿ ಬೇರು ಕಾಣಿಸುವುದುಂಟು. ಅದಕ್ಕೆ ಸಾಮಾನ್ಯ ಕಾರಣಗಳು ಎರಡು. ಒಂದು, ಸಲ್ವೆಂಟ್ ಹಚ್ಚದೆ ಸುಮ್ಮನೆ ತುರುಕಿದ ಜೋಡಣೆ. ಇನ್ನೊಂದು, ಪೈಪು ಇಟ್ಟಿಗೆ ಚೇಂಬರಿಗೆ ಸೇರುವ ಜಾಗ. ನುಣುಪಾದ ಪಿವಿಸಿಗೆ ಸಿಮೆಂಟ್ ಅಂಟುವುದಿಲ್ಲ. ಒಣಗಿದ ಮೇಲೆ ಸುತ್ತಲೂ ಸಣ್ಣ ಸಂದು ಉಳಿಯುತ್ತದೆ. ಬೇರು ಅಲ್ಲಿಂದಲೇ ಬರುತ್ತದೆ.

ನಮ್ಮ ಕಡೆ ಇದು ಯಾಕೆ ಕಾಡುತ್ತದೆ?

ತುಮಕೂರು ಜಿಲ್ಲೆಯ ಉತ್ತರದ ಈ ತಾಲ್ಲೂಕುಗಳು ಒಣ ಪ್ರದೇಶಗಳು. ಪಾವಗಡಕ್ಕೆ ಬರಗಾಲ ಹೊಸದಲ್ಲ. ವರ್ಷದ ಬಹುಪಾಲು ತಿಂಗಳು ಮಣ್ಣಿನ ಮೇಲ್ಪದರ ಒಣಗಿರುತ್ತದೆ. ಹೀಗೆ ಒಣಗಿದ ನೆಲದಲ್ಲಿ ಸದಾ ತೇವ ಇರುವ ಜಾಗ ಯಾವುದು? ಸೋರುವ ಪಾಯಿಖಾನೆ ಪೈಪು, ಬಚ್ಚಲ ನೀರು ಇಂಗುವ ಗುಂಡಿ. ಮಲೆನಾಡಿನಲ್ಲಿ ಮರಕ್ಕೆ ನೀರು ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಅಂಥ ಜಾಗಗಳು ಕಡಿಮೆ.

ಇನ್ನೊಂದು ಕಾರಣ ಬಂಡೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದವರಿಗೆ ಇಲ್ಲಿನ ನೆಲದ ಅಡಿಯಲ್ಲಿ ಏನಿದೆ ಎಂದು ಹೇಳಬೇಕಿಲ್ಲ. ಬಂಡೆ ಮೇಲ್ಮಟ್ಟದಲ್ಲೇ ಸಿಗುವ ಕಡೆ ಪೈಪನ್ನು ಆಳಕ್ಕೆ ಹಾಕಲು ಆಗುವುದಿಲ್ಲ. ಬೇರಿಗೂ ಕೆಳಗಿಳಿಯಲು ಜಾಗವಿಲ್ಲ. ಪೈಪೂ ಬೇರೂ ಒಂದೇ ಎರಡು ಮೂರು ಅಡಿ ಮಣ್ಣನ್ನು ಹಂಚಿಕೊಳ್ಳಬೇಕಾಗುತ್ತದೆ. ಬಂಡೆ ಇಲ್ಲದ ಕಡೆಯೂ ಮರದ ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಮೂರು ಅಡಿಯೊಳಗೇ ಇರುತ್ತವೆ, ಮತ್ತು ಕೊಂಬೆಗಳ ನೆರಳು ಬೀಳುವ ಜಾಗವನ್ನೂ ದಾಟಿ ಹರಡಿರುತ್ತವೆ.

ಯಾವ ಮರಕ್ಕೆ ಎಷ್ಟು ಹೆದರಬೇಕು?

ಆಲ, ಅರಳಿ, ಅತ್ತಿ, ಗೋಣಿ: ಇವು ಒಂದೇ ಕುಟುಂಬದವು. ಬೇರು ಬಲವಾದದ್ದು, ದೂರ ಹೋಗುತ್ತದೆ, ಸಂದಿನಲ್ಲಿ ದಪ್ಪವಾಗುತ್ತದೆ. ಹಕ್ಕಿ ಹಾಕಿದ ಬೀಜದಿಂದ ಚೇಂಬರ್ ಗೋಡೆಯಲ್ಲೇ ಅರಳಿ ಸಸಿ ಹುಟ್ಟಬಹುದು. ಚಿಕ್ಕದಿದ್ದಾಗಲೇ ಬೇರು ಸಮೇತ ಕಿತ್ತು, ಆ ಬಿರುಕಿಗೆ ಗಾರೆ ತುಂಬಿ.

ಬೇವು, ಹೊಂಗೆ, ಹುಣಸೆ: ಇವಕ್ಕೆ ತಾಯಿಬೇರು ಆಳಕ್ಕೆ ಹೋಗುತ್ತದೆ, ಆದರೆ ಪಕ್ಕದ ಬೇರುಗಳೂ ವಿಶಾಲವಾಗಿ ಹರಡುತ್ತವೆ. ಸೋರುವ ಪೈಪ್ ಹತ್ತಿರವಿದ್ದರೆ ಬರುತ್ತವೆ.

ಗುಲ್‌ಮೊಹರ್: ಬೇರು ನೆಲದ ಮೇಲ್ಭಾಗದಲ್ಲೇ ಹರಡಿ ಕಾಂಪೌಂಡನ್ನೂ ನೆಲಹಾಸನ್ನೂ ಎತ್ತುತ್ತದೆ.

ತೆಂಗು: ಕೊರಟಗೆರೆ ಕಡೆ ಹಿತ್ತಲಲ್ಲಿ ತೆಂಗು ಇರುವುದು ಸಹಜ. ತೆಂಗಿನ ಬೇರು ಪಾಯವನ್ನೇ ಎತ್ತುತ್ತದೆ ಎಂಬ ಮಾತಿದೆ. ತೆಂಗಿಗೆ ತಾಯಿಬೇರಿಲ್ಲ, ಬುಡದಿಂದ ಸಾವಿರಾರು ನಾರುಬೇರು ಹೊರಡುತ್ತವೆ. ಒಂದೊಂದೂ ಸುಮಾರು ಬೆರಳ ದಪ್ಪ, ಬೇವಿನ ಬೇರಿನ ಹಾಗೆ ವರ್ಷವರ್ಷವೂ ದಪ್ಪವಾಗುತ್ತ ಹೋಗುವುದಿಲ್ಲ. ಹಾಗಾಗಿ ಅದು ಬೆಣೆಯಂತೆ ಪೈಪನ್ನು ಸೀಳುವುದು ಕಷ್ಟ. ಆದರೆ ಆಗಲೇ ಬಾಯಿ ಬಿಟ್ಟ ಜೋಡಣೆ ಸಿಕ್ಕಿದರೆ ಒಳಗೆ ತೂರಿ ಗೋಜಲು ಕಟ್ಟುತ್ತದೆ.

ಬೇರೇ ಕಾರಣ ಎಂದು ತಿಳಿಯುವುದು ಹೇಗೆ?

ಪೈಪ್ ಕಟ್ಟಿಕೊಂಡ ತಕ್ಷಣ ಮರದ ಮೇಲೆ ಅನುಮಾನ ಬೇಡ. ಈ ಕ್ರಮದಲ್ಲಿ ನೋಡಿ.

1. ಎಷ್ಟು ಕಡೆ ನೀರು ನಿಲ್ಲುತ್ತಿದೆ? ಬಚ್ಚಲು ಒಂದರಲ್ಲೇ ನಿಂತರೆ ತೊಂದರೆ ಆ ಬಚ್ಚಲ ಟ್ರ್ಯಾಪಿನಲ್ಲಿ, ಕೂದಲು ಅಥವಾ ಸೋಪಿನ ಜಿಡ್ಡು. ಪಾಯಿಖಾನೆ, ಬಚ್ಚಲು, ಪಾತ್ರೆ ತೊಳೆಯುವ ಜಾಗ ಎಲ್ಲವೂ ನಿಧಾನವಾದರೆ, ಅಥವಾ ಪಾಯಿಖಾನೆಗೆ ನೀರು ಹಾಕಿದಾಗ ಬಚ್ಚಲಲ್ಲಿ ಗುಳುಗುಳು ಸದ್ದು ಬಂದರೆ, ತೊಂದರೆ ಮುಖ್ಯ ಲೈನಿನಲ್ಲಿ.

2. ಗುಂಡಿ ತುಂಬಿದೆಯೇ? ಯುಜಿಡಿ ಇಲ್ಲದ ಮನೆಯಲ್ಲಿ ಮೊದಲು ನೋಡಬೇಕಾದ್ದು ಇದು. ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ತುಂಬಿದ್ದರೆ ಪೈಪಿನಲ್ಲಿ ಬೇರಿಲ್ಲದಿದ್ದರೂ ನೀರು ಹಿಂದೆ ಬರುತ್ತದೆ. ಸಕ್ಕಿಂಗ್ ಗಾಡಿ ಕರೆಸಿದರೆ ಸಾಕು.

3. ಚೇಂಬರ್‌ಗಳ ಮುಚ್ಚಳ ತೆಗೆದು, ತಲೆ ದೂರ ಇಟ್ಟುಕೊಂಡು ನೋಡಿ. ಮನೆ ಹತ್ತಿರದ ಚೇಂಬರ್ ತುಂಬಿದ್ದು ಮುಂದಿನದು ಖಾಲಿ ಇದ್ದರೆ, ಅಡ್ಡಿ ಆ ಎರಡರ ನಡುವೆ ಇದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

4. ಪ್ಲಂಬರ್ ಸ್ಪ್ರಿಂಗ್ ಅಥವಾ ರಾಡ್ ಹಾಕಿ ಎಳೆದಾಗ ತುದಿಯಲ್ಲಿ ಏನು ಬರುತ್ತದೆ ನೋಡಿ. ಕಂದು ಬಣ್ಣದ ನಾರು, ದಾರದಂಥ ಎಳೆಗಳು ಬಂದರೆ ಅದು ಬೇರು.

5. ಒಂದು ಸಲ ಸರಿ ಮಾಡಿಸಿದ್ದು ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಂಡರೆ ಬೇರಿನ ಅನುಮಾನ ಗಟ್ಟಿಯಾಗುತ್ತದೆ.

ದೊಡ್ಡ ಊರುಗಳಲ್ಲಿ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ತೋರಿಸುವವರಿದ್ದಾರೆ. ಸಿಗದಿದ್ದರೆ ಹಳೆಯ ಉಪಾಯವೊಂದಿದೆ. ರಾಡ್ ಎಲ್ಲಿ ತಡೆಯಿತೋ ಅಲ್ಲಿ, ಚೇಂಬರಿನ ಅಂಚಿಗೆ ಸರಿಯಾಗಿ ರಾಡಿನ ಮೇಲೆ ಬಟ್ಟೆ ಕಟ್ಟಿ ಗುರುತು ಮಾಡಿ. ರಾಡನ್ನು ಹೊರಗೆ ಎಳೆದು, ಪೈಪ್ ಹೋಗಿರುವ ದಿಕ್ಕಿನಲ್ಲಿ ನೆಲದ ಮೇಲೆ ಇಟ್ಟು ಅಳೆಯಿರಿ. ಅಗೆಯಬೇಕಾದ ಜಾಗ ಒಂದೆರಡು ಅಡಿ ಹೆಚ್ಚುಕಡಿಮೆಯಲ್ಲಿ ಸಿಗುತ್ತದೆ. ಇಡೀ ಅಂಗಳ ಅಗೆಯುವ ಖರ್ಚು ಇದರಿಂದ ಉಳಿಯುತ್ತದೆ.

ಫಾರ್ವರ್ಡ್‌ಗಳಲ್ಲಿ ಬರುವ ಮದ್ದುಗಳು

ಮೈಲುತುತ್ತ: ಅರ್ಧ ಸತ್ಯ

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ರೈತರ ಮನೆಯಲ್ಲಿ ಇದು ಇದ್ದೇ ಇರುತ್ತದೆ. ತಾಮ್ರ ತಾಗಿದರೆ ಬೇರಿನ ತುದಿ ಸಾಯುತ್ತದೆ ಎಂಬುದು ನಿಜ. ಅಮೆರಿಕದಲ್ಲಿ ಇದನ್ನು ಪೈಪಿನ ಬೇರಿಗೆಂದೇ ಮಾರುತ್ತಾರೆ. ಸಂದೇಶ ಹುಟ್ಟಿಕೊಂಡದ್ದು ಬಹುಶಃ ಅಲ್ಲಿಂದಲೇ. ಆದರೆ ಅದೇ ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲ ಕೌಂಟಿಗಳಲ್ಲಿ, ತಾಮ್ರ ನೀರಿನ ಜೀವಿಗಳಿಗೆ ವಿಷ ಎಂಬ ಕಾರಣಕ್ಕೆ ಈ ಬಳಕೆಯನ್ನು ನಿಷೇಧಿಸಿದ್ದಾರೆ. ಈ ಭಾಗ ಸಂದೇಶದಲ್ಲಿ ಇರುವುದಿಲ್ಲ.

ಇಲ್ಲದ ಸಂಗತಿಗಳು ಇನ್ನೂ ಇವೆ. ಸುರಿದ ದ್ರಾವಣ ಪೈಪಿನ ತಳದಲ್ಲಿ ಹರಿದುಹೋಗುತ್ತದೆ. ಬೇರು ಹೆಚ್ಚಾಗಿ ಮೇಲಿನಿಂದ, ಪಕ್ಕದಿಂದ ಬಂದಿರುತ್ತದೆ, ಹಾಗಾಗಿ ಸರಿಯಾಗಿ ತಾಗುವುದೇ ಇಲ್ಲ. ತಾಗಿ ಸತ್ತ ಬೇರೂ ಕರಗುವುದಿಲ್ಲ, ಕೊಳೆಯುವವರೆಗೂ ಅಲ್ಲೇ ಅಡ್ಡ ಕೂತಿರುತ್ತದೆ. ಬೆಳಿಗ್ಗೆಗೆ ಪೈಪ್ ಕ್ಲೀನ್ ಎಂಬುದು ಸುಳ್ಳು. ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಬ್ಯಾಕ್ಟೀರಿಯಾಗಳನ್ನು ತಾಮ್ರ ಕೊಲ್ಲುತ್ತದೆ. ಮನೆಯಲ್ಲಿ ಮಕ್ಕಳ ಕೈಗೆ ನೀಲಿ ಹರಳು ಸಿಕ್ಕಿ ಬಾಯಿಗೆ ಹೋದರೆ ವಾಂತಿ, ಹೊಟ್ಟೆನೋವು ಶುರುವಾಗಿ ಜೀವಕ್ಕೇ ಅಪಾಯವಾಗಬಹುದು.

ಆಸಿಡ್: ಮಾಡಬೇಡಿ

ಪಾಯಿಖಾನೆ ತೊಳೆಯುವ ಆಸಿಡ್ ಬೇರಿಗಿಂತ ಮೊದಲು ಸಿಮೆಂಟ್ ಗಾರೆಯನ್ನು ತಿನ್ನುತ್ತದೆ. ಅಂದರೆ ಬೇರು ಬಂದ ಬಾಗಿಲನ್ನು ನೀವೇ ಇನ್ನಷ್ಟು ಅಗಲ ಮಾಡಿದಂತೆ. ಆಸಿಡ್ ಸುರಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗುಂಡಿಯ ಕೊಳೆಯಲ್ಲಿ ಸಲ್ಫೈಡ್ ಇರುವುದರಿಂದ ಆಸಿಡ್ ಅಲ್ಲಿಗೆ ತಲುಪಿದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಾಗುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಎರಡೂ ಉಸಿರು ಕಟ್ಟಿಸುತ್ತವೆ.

ಕಾಸ್ಟಿಕ್ ಸೋಡಾ: ಜಿಡ್ಡಿಗೆ ಮಾತ್ರ

ಅಂಗಡಿಯಲ್ಲಿ ಸಿಗುವ ಪೈಪ್ ಕ್ಲೀನರ್ ಪುಡಿಗಳಲ್ಲಿ ಹಲವು ಕಾಸ್ಟಿಕ್ ಸೋಡಾದವು. ಇವು ಎಣ್ಣೆ ಜಿಡ್ಡು, ಕೂದಲನ್ನು ಕರಗಿಸುತ್ತವೆ. ಕಟ್ಟಿಗೆಯಂತಾದ ಬೇರು ಇದಕ್ಕೆ ಕರಗುವುದಿಲ್ಲ. ಪುಡಿ ಅಡ್ಡಿಯ ಮೇಲೆ ನಿಂತುಬಿಟ್ಟರೆ, ಆಮೇಲೆ ಸ್ಪ್ರಿಂಗ್ ಹಾಕಲು ಬಂದ ಪ್ಲಂಬರಿನ ಕಣ್ಣಿಗೆ, ಚರ್ಮಕ್ಕೆ ಸಿಡಿದು ಸುಡುತ್ತದೆ. ಮೊದಲೇ ಹಾಕಿದ್ದರೆ ಅವರಿಗೆ ತಪ್ಪದೆ ಹೇಳಿ.

ಕಲ್ಲುಪ್ಪು: ಉಪಯೋಗಕ್ಕಿಂತ ಹಾನಿ ಹೆಚ್ಚು

ಒಂದೆರಡು ಕೆಜಿ ಉಪ್ಪು ನೀರಿನಲ್ಲಿ ಕರಗಿ ಹೋಗಿಬಿಡುತ್ತದೆ. ಬೇರನ್ನು ಸಾಯಿಸುವಷ್ಟು ಹಾಕಿದರೆ ಆ ಉಪ್ಪು ಸೋರುವ ಜೋಡಣೆಯಿಂದ ಮಣ್ಣಿಗಿಳಿದು ಹಿತ್ತಲ ಬೇರೆ ಗಿಡಗಳನ್ನೂ ಕೆಡಿಸುತ್ತದೆ. ಮಳೆ ಕಡಿಮೆ ಇರುವ ನಮ್ಮಲ್ಲಿ ಮಣ್ಣಿಗೆ ಸೇರಿದ ಉಪ್ಪು ಬೇಗ ತೊಳೆದುಹೋಗುವುದಿಲ್ಲ.

ಅಡುಗೆ ಸೋಡಾ, ವಿನಿಗರ್: ಬರೀ ನೊರೆ

ಎರಡೂ ಸೇರಿದರೆ ಬುಸ್ಸೆಂದು ನೊರೆ ಬರುತ್ತದೆ, ನೋಡಲು ಚೆನ್ನ. ಆ ನೊರೆ ಇಂಗಾಲದ ಡೈಆಕ್ಸೈಡ್, ಅಷ್ಟೇ. ಒಂದು ಕ್ಷಾರ, ಇನ್ನೊಂದು ಆಮ್ಲ, ಒಂದನ್ನೊಂದು ತಟಸ್ಥ ಮಾಡಿಕೊಂಡು ಉಳಿಯುವುದು ಉಪ್ಪುನೀರಿನಂಥ ದ್ರವ. ಬೇರಿಗೆ ಏನೂ ಆಗುವುದಿಲ್ಲ.

ಕುದಿಯುವ ನೀರು: ಪೈಪಿಗೇ ಪೆಟ್ಟು

ಚರಂಡಿಗೆ ಹಾಕುವ ಪಿವಿಸಿ ಪೈಪು 60 ಡಿಗ್ರಿ ಸೆಲ್ಸಿಯಸ್ ದಾಟಿದ ನೀರನ್ನು ತಡೆಯುವಂಥದ್ದಲ್ಲ. ಹಂಡೆಗಟ್ಟಲೆ ಕುದಿನೀರು ಸುರಿದರೆ ಹತ್ತಿರದ ಜೋಡಣೆ ಮೆತ್ತಗಾಗಿ ಬಾಗುತ್ತದೆ. ಅಂಗಳದಾಚೆಯ ಬೇರಿಗೆ ತಲುಪುವ ಹೊತ್ತಿಗೆ ನೀರು ಆರಿರುತ್ತದೆ.

ಸೀಮೆಎಣ್ಣೆ, ಡೀಸೆಲ್: ಅಪಾಯ

ಚರಂಡಿಯಲ್ಲಿ ಮೊದಲೇ ಮೀಥೇನ್ ಇರುತ್ತದೆ, ಅದು ಉರಿಯುವ ಅನಿಲ. ಅದಕ್ಕೆ ಡೀಸೆಲ್ ಆವಿಯನ್ನೂ ಸೇರಿಸುವುದು ಬೆಂಕಿಯ ಜೊತೆ ಆಟ. ಸೋರುವ ಜೋಡಣೆಯಿಂದ ಅದು ಅಂತರ್ಜಲಕ್ಕೂ ಇಳಿಯಬಹುದು.

ಹಾಗಾದರೆ ಏನು ಮಾಡಿಸಬೇಕು?

ಮೊದಲ ಹಂತ, ದಾರಿ ಬಿಡಿಸುವುದು. ಬಿದಿರು ದಬ್ಬೆ ಚುಚ್ಚಿದರೆ ಬೇರಿನ ಜಡೆಯಲ್ಲಿ ಒಂದು ತೂತು ಬೀಳುತ್ತದೆ, ನೀರು ಇಳಿಯುತ್ತದೆ, ವಾರದಲ್ಲಿ ಮತ್ತೆ ಅದೇ ಗೋಳು. ತುದಿಯಲ್ಲಿ ಕತ್ತರಿಸುವ ಬ್ಲೇಡ್ ಇರುವ ಸ್ಪ್ರಿಂಗ್ ಮಷಿನ್ ಅಥವಾ ಜೋರಾಗಿ ನೀರು ಹಾಯಿಸುವ ಜೆಟ್ಟಿಂಗ್ ಮಷಿನ್ ಬೇಕು. ಹಳೆಯ ಮಣ್ಣಿನ ಪೈಪಾದರೆ ಆರಂಭದಲ್ಲೇ ಹೇಳಿ. ಮೊದಲೇ ಬಿರುಕು ಬಿಟ್ಟ ಪೈಪು ಜೆಟ್ಟಿನ ಒತ್ತಡಕ್ಕೆ ಒಡೆಯಬಹುದು.

ಇಲ್ಲಿಗೆ ನಿಲ್ಲಿಸಿದರೆ ಏನಾಗುತ್ತದೆ? ಕತ್ತರಿಸಿದ ಬೇರು ಸವರಿದ ಗಿಡದ ಹಾಗೆ, ಇನ್ನೂ ಹೆಚ್ಚು ಕವಲೊಡೆದು ಬರುತ್ತದೆ. ಬಾಡಿಗೆ ಮನೆಯವರು, ಈಗಲೇ ಅಗೆಸಲು ಹಣವಿಲ್ಲದವರು ಇಷ್ಟನ್ನೇ ಮಾಡಿಸಬಹುದು, ತಪ್ಪಿಲ್ಲ. ಆದರೆ ವರ್ಷಕ್ಕೊಂದು ಸಲ ಮತ್ತೆ ಮಾಡಿಸಬೇಕಾದೀತು ಎಂಬ ಲೆಕ್ಕ ಇರಲಿ.

ಎರಡನೇ ಹಂತ, ಬಾಗಿಲು ಮುಚ್ಚುವುದು. ರಾಡ್ ಅಳತೆಯಿಂದ ಸಿಕ್ಕಿದ ಜಾಗದಲ್ಲಿ ಅಗೆದು, ಬೇರು ಬಂದ ಜೋಡಣೆ ಇರುವ ಪೈಪನ್ನು ತೆಗೆದು ಹೊಸ ಪಿವಿಸಿ ಹಾಕಿಸಿ. ಕೆಲಸ ನಡೆಯುವಾಗ ನೀವು ನೋಡಬೇಕಾದ್ದು ಇವು:

• ಪೈಪಿನ ಅಡಿ ಕಲ್ಲುಚೂರು ಇರಬಾರದು, ಮರಳು ಹಾಸಿರಬೇಕು. ಇಲ್ಲದಿದ್ದರೆ ಪೈಪ್ ಅಲ್ಲಲ್ಲಿ ಕುಸಿದು ಜೋಡಣೆ ಬಿಡುತ್ತದೆ.
• ಇಳಿಜಾರು ಸರಿಯಿರಬೇಕು. 4 ಇಂಚಿನ ಪೈಪಿಗೆ ಪ್ರತಿ 10 ಅಡಿಗೆ 2ರಿಂದ 3 ಇಂಚು ಇಳಿತ ಸಾಕು. ಕಡಿಮೆಯಾದರೆ ಮಲ ನಿಲ್ಲುತ್ತದೆ, ತೀರಾ ಹೆಚ್ಚಾದರೆ ನೀರು ಮುಂದೆ ಓಡಿ ಮಲ ಹಿಂದೆ ಉಳಿಯುತ್ತದೆ.
• ಪ್ರತಿ ಜೋಡಣೆಯನ್ನೂ ಒರೆಸಿ, ಒಣಗಿಸಿ, ಸಲ್ವೆಂಟ್ ಹಚ್ಚಿ ಪೂರ್ತಿ ಒಳಗೆ ಕೂರಿಸಬೇಕು.
• ಚೇಂಬರಿಗೆ ಸೇರುವ ತುದಿಗೆ ಸಲ್ವೆಂಟ್ ಸವರಿ, ಅದರ ಮೇಲೆ ಒಣ ಮರಳು ಉದುರಿಸಿ ಒಣಗಲು ಬಿಡಬೇಕು. ಮೇಲ್ಮೈ ಒರಟಾಗಿ ಸಿಮೆಂಟ್ ಗಟ್ಟಿಯಾಗಿ ಹಿಡಿಯುತ್ತದೆ. ಐದು ನಿಮಿಷದ ಕೆಲಸ, ಆದರೆ ಹೆಚ್ಚಿನ ಕಡೆ ಇದನ್ನೇ ಬಿಟ್ಟಿರುತ್ತಾರೆ.
• ಮಣ್ಣು ಮುಚ್ಚುವ ಮುಂಚೆ ಕೆಳಗಿನ ತುದಿ ಕಟ್ಟಿ ಪೈಪಿಗೆ ನೀರು ತುಂಬಿಸಿ ಅರ್ಧ ಗಂಟೆ ಬಿಡಿ. ನೀರಿನ ಮಟ್ಟ ಇಳಿಯದಿದ್ದರೆ ಮುಚ್ಚಿ.

ಅಗೆಯುವಾಗ ಸಿಗುವ ತೆಳು ಬೇರುಗಳನ್ನು ಹರಿತವಾದ ಕತ್ತಿಯಿಂದ ಕತ್ತರಿಸಬಹುದು, ಮರ ತಡೆದುಕೊಳ್ಳುತ್ತದೆ. ಆದರೆ ಬುಡದ ಹತ್ತಿರದ ದಪ್ಪ ಬೇರುಗಳೇ ಮರವನ್ನು ನಿಲ್ಲಿಸಿರುವುದು. ಕಾಂಡದ ಅಡ್ಡಳತೆಯ ಕನಿಷ್ಠ ಐದಾರು ಪಟ್ಟು ದೂರದೊಳಗೆ ಅವನ್ನು ಕತ್ತರಿಸಬೇಡಿ. ಎರಡು ಅಡಿ ದಪ್ಪದ ಮರವಾದರೆ ಹತ್ತು ಹನ್ನೆರಡು ಅಡಿ. ಇಲ್ಲದಿದ್ದರೆ ಮುಂದಿನ ಗಾಳಿಮಳೆಗೆ ಮರ ಮನೆಯ ಮೇಲೇ ಬರಬಹುದು. ಪೈಪನ್ನೇ ಬೇರೆ ದಾರಿಯಲ್ಲಿ ತಿರುಗಿಸುವುದು ಅಂಥ ಕಡೆ ಉತ್ತಮ.

ಮರ ಕಡಿಸಿದರೆ ಮುಗಿಯಿತೇ?

ಮುಗಿಯುವುದಿಲ್ಲ. ಬೇವು, ಹೊಂಗೆ ಕಡಿದ ಬುಡದಿಂದಲೇ ಮತ್ತೆ ಚಿಗುರುತ್ತವೆ, ಬೇರು ಜೀವಂತ ಇರುತ್ತದೆ. ಬೇರು ಪೂರ್ತಿ ಸತ್ತರೂ, ಅದು ಕೊಳೆತ ಮೇಲೆ ಆ ಜಾಗದಲ್ಲಿ ಪೊಳ್ಳು ಉಳಿಯುತ್ತದೆ. ಅಲ್ಲಿಂದ ಕೊಳಚೆ ನೀರು ಹೊರಗೆ, ಮಣ್ಣು ಪೈಪಿನೊಳಗೆ. ಕೆಲವು ವರ್ಷದಲ್ಲಿ ಪಕ್ಕದ ಮನೆಯ ಮರದ ಬೇರು ಅದೇ ಬಾಗಿಲಿನಿಂದ ಬರುತ್ತದೆ.

ಜೊತೆಗೆ ಕಾನೂನೂ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಸ್ವಂತ ಜಾಗದ ಮರವಾದರೂ ಅಷ್ಟೇ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉಳಿದವಕ್ಕೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ರಸ್ತೆ ಬದಿಯ ಮರದ ಬೇರು ನಿಮ್ಮ ಪೈಪಿಗೆ ಬಂದಿದ್ದರೆ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ.

ಗುಂಡಿಗೆ ಮನುಷ್ಯರನ್ನು ಇಳಿಸಬೇಡಿ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬೇರು ಗುಂಡಿಯ ಬಾಯಲ್ಲೇ ಕಾಣುತ್ತಿದೆ, ಯಾರಾದರೂ ಇಳಿದು ಕುಡುಗೋಲಲ್ಲಿ ಕೊಯ್ದರೆ ಆಯಿತು ಎಂದು ಅನಿಸುವುದು ಇಂಥ ಹೊತ್ತಿನಲ್ಲೇ.

ಗುಂಡಿಯಲ್ಲಿ ಏಳುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಅದು ಮೂಗಿನ ಗ್ರಹಿಕೆಯನ್ನೇ ಮಂಕು ಮಾಡುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂಬುದು ಸಾವಿಗೆ ಕರೆಯುವ ಮಾತು. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆಯೂ ಇಲ್ಲಿ ಸಲ್ಲದು. ಹೈಡ್ರೋಜನ್ ಸಲ್ಫೈಡ್ ಪ್ರಾಣ ತೆಗೆಯುವಷ್ಟು ಇದ್ದರೂ ದೀಪ ಉರಿಯುತ್ತಲೇ ಇರಬಹುದು, ಮೀಥೇನ್ ಇದ್ದರೆ ದೀಪದಿಂದಲೇ ಸ್ಫೋಟವಾಗಬಹುದು. ಒಬ್ಬರು ಬಿದ್ದರೆಂದು ಎತ್ತಲು ಇಳಿದವರೂ ಬೀಳುತ್ತಾರೆ. ಗುಂಡಿ ದುರಂತಗಳಲ್ಲಿ ಇಬ್ಬರು ಮೂವರು ಒಟ್ಟಿಗೆ ಸಾಯುವುದಕ್ಕೆ ಇದೇ ಕಾರಣ. ಯಾರಾದರೂ ಬಿದ್ದರೆ ನೀವು ಇಳಿಯಬೇಡಿ, 112ಕ್ಕೆ ಕರೆ ಮಾಡಿ.

ಮಲ ಹೊರುವ ಪದ್ಧತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆ, 2013ರ ಪ್ರಕಾರ ಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ನೇಮಿಸುವಂತಿಲ್ಲ. ಇದು ಸರ್ಕಾರಿ ಕಚೇರಿಗಳಿಗೆ ಮಾತ್ರವಲ್ಲ, ಮನೆ ಮಾಲೀಕರಿಗೂ ಅನ್ವಯಿಸುತ್ತದೆ. ಮೊದಲ ತಪ್ಪಿಗೆ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅವರಾಗಿಯೇ ಒಪ್ಪಿ ಇಳಿದರು ಎಂಬ ಸಬೂಬು ನಡೆಯುವುದಿಲ್ಲ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಹೇಳಿದೆ. ಯಂತ್ರದಿಂದ ಆಗದ ಕೆಲಸವಿದ್ದರೆ ಆ ಗುಂಡಿಯನ್ನು ಬಿಟ್ಟು ಹೊಸದು ತೆಗೆಸುವುದೇ ಸರಿ.

ಸಂಪಿನ ನೀರನ್ನು ಮರೆಯಬೇಡಿ

ಬೇರು ಒಳಗೆ ಬರುವ ಸಂದಿನಿಂದ ಕೊಳಚೆ ಹೊರಗೂ ಹೋಗುತ್ತದೆ. ಪೈಪ್ ಕಟ್ಟಿಕೊಂಡಾಗ ಒತ್ತಡ ಹೆಚ್ಚಿ ಇನ್ನಷ್ಟು ಸೋರುತ್ತದೆ. ಚಿಕ್ಕ ನಿವೇಶನಗಳಲ್ಲಿ ಪಾಯಿಖಾನೆ ಲೈನ್ ಮತ್ತು ನೀರಿನ ಸಂಪು ಹತ್ತಿರ ಹತ್ತಿರ ಇರುತ್ತವೆ. ಸಂಪಿನ ಗೋಡೆಯಲ್ಲೂ ಬಿರುಕಿದ್ದರೆ ಕೊಳಚೆ ಅದಕ್ಕೆ ಸೇರಬಹುದು. ಕಾಮಾಲೆ, ಟೈಫಾಯಿಡ್, ವಾಂತಿಭೇದಿ ಬರುವುದು ಹೀಗೆಯೇ. ನೀರು ತಿಳಿಯಾಗಿದೆ, ವಾಸನೆ ಇಲ್ಲ ಎಂದರೆ ರೋಗಾಣು ಇಲ್ಲ ಎಂದರ್ಥವಲ್ಲ.

ಪೈಪಿಗೆ ಬೇರು ಬಂದದ್ದು ಖಚಿತವಾದರೆ ಸಂಪನ್ನು ಖಾಲಿ ಮಾಡಿ ಗೋಡೆ ನೋಡಿ. ಅಲ್ಲೂ ಬೇರಿನ ಎಳೆ ಕಂಡರೆ ದುರಸ್ತಿ ಆಗುವವರೆಗೆ ಆ ನೀರನ್ನು ಕುಡಿಯಬೇಡಿ, ಬೇರೆ ಕಡೆಯ ನೀರನ್ನು ಬಳಸಿ. ಸಂಶಯ ಮಾತ್ರ ಇದ್ದರೆ ಕುದಿಸಿ ಆರಿಸಿ ಕುಡಿಯಿರಿ, ನೀರು ಪರೀಕ್ಷೆ ಮಾಡಿಸಿ. ಕುದಿಸಿದರೆ ರೋಗಾಣು ಸಾಯುತ್ತದೆ. ಆದರೆ ಪಾವಗಡದ ಕೊಳವೆಬಾವಿಗಳಲ್ಲಿ ಕಾಡುವ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಅದು ಬೇರೆಯೇ ಸಮಸ್ಯೆ, ಅದಕ್ಕೆ ಶುದ್ಧೀಕರಿಸಿದ ನೀರೇ ಬೇಕು.

ಹೊಸದಾಗಿ ಮನೆ ಕಟ್ಟುವವರು, ಗಿಡ ನೆಡುವವರು

• ಪೈಪ್ ಎಲ್ಲಿ ಹೋಗಿದೆ ಎಂದು ಮುಚ್ಚುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದಿಡಿ. ಹತ್ತು ವರ್ಷದ ನಂತರ ಅದೇ ನಿಮ್ಮ ನಕ್ಷೆ.
• ತಿರುವು ಇರುವಲ್ಲೆಲ್ಲ ಚೇಂಬರ್ ಇರಲಿ. ಚೇಂಬರಿನ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಡಬೇಡಿ.
• ಬೇವು, ಹೊಂಗೆಯಂಥ ಮರಗಳನ್ನು ಲೈನಿನಿಂದ 20 ಅಡಿಯಾದರೂ ದೂರ ನೆಡಿ. ಆಲ, ಅರಳಿ ಮನೆ ನಿವೇಶನಕ್ಕೆ ಬೇಡ, ಅವಕ್ಕೆ ಕೆರೆ ಏರಿ, ಗುಂಡುತೋಪು ಇದೆ.
• ಲೈನಿನ ಹತ್ತಿರ ತುಳಸಿ, ದಾಸವಾಳ, ಮಲ್ಲಿಗೆಯಂಥ ಚಿಕ್ಕ ಗಿಡಗಳು ಸಾಕು.
• ಮರಕ್ಕೆ ಬೇಸಿಗೆಯಲ್ಲಿ ಪೈಪಿನ ವಿರುದ್ಧ ದಿಕ್ಕಿನಲ್ಲಿ ಪಾತಿ ಮಾಡಿ ನೀರು ಹಾಕಿ. ಅಡುಗೆಮನೆಯ ಸೋಸಿದ ನೀರಾದರೂ ಆದೀತು. ಆ ಕಡೆ ತೇವ ಸಿಕ್ಕರೆ ಬೇರು ಅತ್ತಲೂ ಬೆಳೆಯುತ್ತದೆ.
• ಸ್ಯಾನಿಟರಿ ಪ್ಯಾಡ್, ಡೈಪರ್, ಎಣ್ಣೆ ಯಾವುದನ್ನೂ ಪಾಯಿಖಾನೆಗೆ ಹಾಕಬೇಡಿ. ಬೇರಿನ ಬಲೆಗೆ ಕಸ ಸಿಗದಿದ್ದರೆ ಪೈಪ್ ಬೇಗ ಕಟ್ಟಿಕೊಳ್ಳುವುದಿಲ್ಲ.

ಮುಂದಕ್ಕೆ ಕಳಿಸುವುದಾದರೆ ಇದನ್ನು ಕಳಿಸಿ

ಪೈಪಿಗೆ ಬೇರು ಬಂದರೆ ತಪ್ಪು ಮರದ್ದಲ್ಲ, ಸೋರುವ ಜೋಡಣೆಯದು. ಮೈಲುತುತ್ತ, ಆಸಿಡ್, ಉಪ್ಪು ಸುರಿಯಬೇಡಿ. ಯಂತ್ರದಿಂದ ಬೇರು ಕತ್ತರಿಸಿ, ಸೋರುವ ಪೈಪ್ ಬದಲಾಯಿಸಿ. ಸಂಪಿನ ನೀರು ಪರೀಕ್ಷಿಸಿ. ಗುಂಡಿಗೆ ಯಾರನ್ನೂ ಇಳಿಸಬೇಡಿ. ಮರ ಉಳಿಯಲಿ, ಮನುಷ್ಯರೂ ಉಳಿಯಲಿ.